ಗಂಗಾಧರಪ್ಪನವರು ಪಕ್ಕಕ್ಕಿಟ್ಟ ಒಂಬತ್ತು ತುಂಡುಗಳು

2016ರ ಜೂನ್ ತಿಂಗಳಲ್ಲಿ ನಾನು ಪೀಣ್ಯ ಎರಡನೇ ಹಂತದ ಒಂದು ಹಗಲು ಆರೈಕೆ ಕೇಂದ್ರದಲ್ಲಿ ಸ್ವಯಂಸೇವಕರ ಸಂಯೋಜಕಿಯಾಗಿ ಸೇರಿದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಆರು ವಾರವಾಗಿತ್ತು. ಕೇಂದ್ರದಲ್ಲಿ ಇದ್ದದ್ದು ಹದಿನೆಂಟು ಸೀಟು. ಡಿಮೆನ್ಷಿಯಾ, ಅಂದರೆ ನೆನಪು, ಮಾತು, ದಾರಿಯ ಗುರುತು ಒಂದೊಂದಾಗಿ ಅಳಿದುಹೋಗುವ ಕಾಯಿಲೆ, ಇದ್ದ ಹಿರಿಯರನ್ನು ಮನೆಯವರು ಬೆಳಿಗ್ಗೆ ಎಂಟಕ್ಕೆ ಬಿಟ್ಟು ಸಂಜೆ ಆರಕ್ಕೆ ಕರೆದೊಯ್ಯುತ್ತಿದ್ದರು. ಸುತ್ತಲಿನ ಕಾರ್ಖಾನೆಗಳ ಪಾಳಿಗೆ ಹೊಂದಿಸಿದ ವೇಳೆ ಅದು. ಸೀಟು ತಪ್ಪಿದರೆ ಮನೆಯಲ್ಲಿ ಒಬ್ಬರು ಕೆಲಸ ಬಿಡಬೇಕು, ಇಲ್ಲವೇ ಹೊರಗಿನಿಂದ ಬೀಗ ಹಾಕಿ ಹೋಗಬೇಕು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಾವು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಂಗಾಧರಪ್ಪನವರು ಜುಲೈ ಮೊದಲ ವಾರ ಬಂದರು. ವಯಸ್ಸು ಅರವತ್ತಮೂರು. ತೆಳ್ಳಗಿನ ಮೈ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಯಾವಾಗಲೂ ಮಡಿಸಿಟ್ಟ ಒಂದು ಒರೆಸುವ ಬಟ್ಟೆ. ಅವರ ಹೆಂಡತಿ ಸರೋಜಮ್ಮ ನಾಗಸಂದ್ರದ ಹಳೇ ಊರಿನವರು. ತುಮಕೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕಿದ್ದರು. ದಾಖಲಾತಿ ಅರ್ಜಿಯನ್ನು ಅವರನ್ನು ಕೇಳಿಕೊಂಡು ನಾನೇ ತುಂಬಿದೆ. ಉದ್ಯೋಗ ಎಂಬಲ್ಲಿಗೆ ಬಂದಾಗ ಅವರು, "ಇವ್ರು ಇಲ್ಲೇ ಪೀಣ್ಯದಲ್ಲೇ ಇನ್ಸ್‌ಪೆಕ್ಸನ್ನಲ್ಲಿದ್ರು ಕಣಮ್ಮ, ಇಪ್ಪತ್ತೊಂಬತ್ತು ವರ್ಸ..." ಎಂದು ಏನೋ ಹೇಳಹೊರಟರು. ಅವರ ಹಿಂದೆ ಇನ್ನಿಬ್ಬರು ಕಾಯುತ್ತಿದ್ದರು. ಅರ್ಜಿಯಲ್ಲಿ ಆ ಚೌಕ ಹೆಬ್ಬೆರಳಿನಷ್ಟಿತ್ತು. ನಾನು 'ನಿವೃತ್ತ' ಎಂದು ಬರೆದು ಮುಂದಿನ ಸಾಲಿಗೆ ಹೋದೆ.

ಪ್ರತಿ ಶನಿವಾರ ವೈಟ್‌ಫೀಲ್ಡ್‌ನ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಹತ್ತು ಮಂದಿ ಯುವಕ ಯುವತಿಯರು ಬರುತ್ತಿದ್ದರು. ಸಿಬ್ಬಂದಿಯ ಮನೆಗಳಿಂದ ಒಟ್ಟುಮಾಡಿದ ಪಜಲ್ ಡಬ್ಬಗಳನ್ನು ಅವರೇ ತಂದಿದ್ದರು. ಒಬ್ಬ ಹಿರಿಯರ ಪಕ್ಕ ಒಬ್ಬ ಸ್ವಯಂಸೇವಕ ಕುಳಿತು, ರಟ್ಟಿನ ತುಂಡುಗಳನ್ನು ಜೋಡಿಸಿ ಚಿತ್ರ ಮಾಡಲು ನೆರವಾಗಬೇಕು. ಪಜಲ್‌ನಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಕೈಗೆ, ಕಣ್ಣಿಗೆ ಒಂದು ಕೆಲಸ ಸಿಗುತ್ತದೆ, ಪಕ್ಕದವರೊಡನೆ ಮಾತಿಗೆ ನೆಪ ಸಿಗುತ್ತದೆ ಎಂದು ತರಬೇತಿಯಲ್ಲಿ ನಾನೇ ಹೇಳಿಕೊಡುತ್ತಿದ್ದೆ. ಆದರೆ ಕಂಪನಿಗೆ ಕಳಿಸುವ ವರದಿಯಲ್ಲಿ ಮಾತಿಗೆ ಜಾಗವಿರಲಿಲ್ಲ. ಪೂರ್ಣ, ಅಪೂರ್ಣ, ವರ್ತನೆ ಎಂಬ ಮೂರೇ ಕಾಲಂ. ಕೊನೆಗೊಂದು ಫೋಟೋ.

ಗಂಗಾಧರಪ್ಪನವರಿಗೆ ಸಿಕ್ಕಿದ್ದು ನಲವತ್ತೆಂಟು ತುಂಡುಗಳ ಗಿಳಿಯ ಚಿತ್ರ. ಸ್ವಯಂಸೇವಕ ಪ್ರಣವ್, ಇಪ್ಪತ್ತಮೂರರ ಇಂಜಿನಿಯರ್. ಹಿರಿಯರು ಚಿತ್ರದ ಕಡೆ ನೋಡಲೇ ಇಲ್ಲ. ಒಂದು ತುಂಡೆತ್ತಿ ಬಟ್ಟೆಯಿಂದ ಒರೆಸುವರು, ಅಂಚಿನ ಮೇಲೆ ಹೆಬ್ಬೆರಳಾಡಿಸುವರು, ಇನ್ನೊಂದರ ಕಚ್ಚಿಗೆ ತೂರಿಸುವರು. ಕೂತರೆ "ಗೋ" ಅನ್ನುವರು. ಕೂರದಿದ್ದರೆ ಗಟ್ಟಿಯಾಗಿ, ಹುಬ್ಬು ಗಂಟಿಕ್ಕಿ, "ನೋ! ಗೋ!" ಎಂದು ಎಡಕ್ಕೆ ತಳ್ಳುವರು.

"ಮಗಾ, ಸಾರ್ ನನ್ನ ಫೈರ್ ಮಾಡ್ತಿದ್ದಾರೆ ಕಣೋ," ಎಂದು ಪ್ರಣವ್ ಪಕ್ಕದ ಮೇಜಿನ ಗೆಳೆಯನಿಗೆ ಹೇಳಿ ನಕ್ಕ. "ಹೋಗ್ತೀನಿ ಸಾರ್, ಒಂದು ಫೋಟೋ ತೆಗೆಸ್ಕೊಂಡು ಹೋಗ್ಬಿಡ್ತೀನಿ."

ನಾನೂ ನಕ್ಕೆ. ಫೋಟೋಗಾಗಿ ಪ್ರಣವ್ ತಾನೇ ಚಿತ್ರ ಜೋಡಿಸತೊಡಗಿದ. ಅವನಿಗೂ ಅದು ಪೂರ್ತಿಯಾಗಲಿಲ್ಲ. ಗಿಳಿಯ ರೆಕ್ಕೆಯ ಸುತ್ತ ಉಳಿದ ಖಾಲಿ ಜಾಗಗಳ ಮೇಲೆ ಹಿರಿಯರ ಅಂಗೈ ಇರಿಸಿ ಫೋಟೋ ತೆಗೆದೆವು. ಮರುವಾರವೂ ಹಾಗೆಯೇ. ಮೂರನೆಯ ಶನಿವಾರ, ಅವರು ಎಡಕ್ಕಿಟ್ಟಿದ್ದ ತುಂಡುಗಳನ್ನು ಪ್ರಣವ್ ಮತ್ತೆ ನಡುವಿನ ರಾಶಿಗೆ ಬೆರೆಸಲು ಹೋದಾಗ ಅವರು ಅವನ ಕೈಗೆ ಪಟ್ಟನೆ ಹೊಡೆದರು. ವರ್ತನೆ ಎಂಬ ಕಾಲಂನಲ್ಲಿ ಮೂರು ವಾರವೂ ಒಂದೇ ಮಾತು ದಾಖಲಾಯಿತು: "ಆಕ್ರಮಣಕಾರಿ. ಸ್ವಯಂಸೇವಕರನ್ನು ಹೊರಹೋಗಲು ಹೇಳುತ್ತಾರೆ." ಸತತ ಮೂರು ವಾರ ಹೀಗಾದರೆ ಸೀಟು ಕಾಯುವ ಪಟ್ಟಿಯ ಮುಂದಿನವರಿಗೆ, ಎಂಬುದು ಕೇಂದ್ರದ ನಿಯಮ. ಕೆಳಗೆ ಸಂಯೋಜಕಿಯ ಸಹಿ ಬೇಕಿತ್ತು. ಹಾಕಿದೆ.

ಹತ್ತು ದಿನಗಳ ಮೇಲೆ, ಅವರು ಮರೆತುಹೋಗಿದ್ದ ಕನ್ನಡಕ ಕೊಡಲೆಂದು ಒಂದು ಬುಧವಾರ ಮಧ್ಯಾಹ್ನ ನಾಗಸಂದ್ರಕ್ಕೆ ಹೋದೆ. ಒಳಬೀದಿಯ ಸಾಲುಮನೆ. ಬಾಗಿಲಿಗೆ ಬೀಗ. ಚಿಲಕದ ಕೆಳಗೆ, ಹಿಂದೆಂದೋ ಇದ್ದ ಬೀಗವನ್ನು ಕಿತ್ತಲ್ಲಿ ಬೆರಳಗಲದ ಒಂದು ತೂತು ಉಳಿದಿತ್ತು. ನೋಡುತ್ತಿದ್ದಂತೆ ಅದರಿಂದ ಚಮಚದ ಹಿಡಿ ಹೊರಗೆ ಬಂತು. ಒಳಗಿನಿಂದ ದನಿ: "ಗೋ." ಹಿಡಿ ಮರೆಯಾಯಿತು. ಮತ್ತೇನೋ ದಪ್ಪನೆಯದು ತೂತಿಗೆ ತಾಗಿ ನಿಂತಿತು. "ನೋ ಗೋ." ಅಲ್ಲಿ ನಿಂತೂ ನನಗೆ ಕೇಳಿದ್ದು ಹೋಗು ಎಂದೇ. ಹೊರಡಲು ತಿರುಗಿದೆ.

ಊಟದ ಅರ್ಧ ಗಂಟೆಯ ಬಿಡುವಿನಲ್ಲಿ ಗಂಡನಿಗೆ ಉಣಿಸಲು ಸರೋಜಮ್ಮ ಓಡುತ್ತ ಬಂದರು. ಕಾರ್ಖಾನೆಯ ಗುರುತಿನ ಚೀಟಿ ಕೊರಳಲ್ಲೇ ಇತ್ತು.

"ಕನ್ನಡಕ ಕೊಡೋಣ ಅಂತ ಬಂದೆ," ಎಂದೆ. "ಒಳಗಿಂದಾನೇ ನನ್ನನ್ನ ಹೋಗು ಅಂತಿದ್ದಾರೆ."

"ನಿಮ್ಮನ್ನ ಯಾಕೆ ಓಗು ಅಂತಾರೆ? ನೀವು ಬಂದಿದ್ದೇ ಗೊತ್ತಿಲ್ಲ ಅವ್ರಿಗೆ. ತೂತು ನೋಡ್ತಾವ್ರೆ ಕಣಮ್ಮ."

ಬೀಗ ತೆಗೆದು ಒಳಗೆ ಹೋದವರೇ ಬೀರುವಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಉಕ್ಕಿನ ಸರಳನ್ನು ತಂದು ನನ್ನ ಕೈಗಿಟ್ಟರು. ಗೇಣುದ್ದವೂ ಇಲ್ಲದ ಅದರ ಒಂದು ತುದಿಗೆ ಕೆಂಪು ಬಣ್ಣ ಬಳಿದಿತ್ತು. ಅದು ಗೇಜು. ಲೇತ್‌ನಿಂದ ಬಂದ ಬಿಡಿಭಾಗದ ತೂತು ಅಳತೆಗೆ ಸರಿಯಿದೆಯೇ ಎಂದು ಪರೀಕ್ಷಿಸುವ ಸಾಧನ. ಒಂದು ತುದಿ ತೂತಿನೊಳಗೆ ಹೋಗಬೇಕು. ಅದರ ಹೆಸರು ಗೋ. ಕೆಂಪು ತುದಿ ಹೋಗಬಾರದು. ಅದರ ಹೆಸರು ನೋ ಗೋ. ಪೀಣ್ಯದ ಯಾವುದೇ ವರ್ಕ್‌ಶಾಪಿನಲ್ಲಿ ನಿನ್ನೆ ಸೇರಿದ ಹುಡುಗನಿಗೂ ಇದು ಗೊತ್ತು. ಗಂಗಾಧರಪ್ಪನವರು ಇಪ್ಪತ್ತೊಂಬತ್ತು ವರ್ಷ ಇದೇ ಎರಡು ಮಾತಾಡುತ್ತ ಒಳ್ಳೆಯ ಮಾಲನ್ನೂ ಕೆಟ್ಟ ಮಾಲನ್ನೂ ಬೇರೆ ಮಾಡಿದ್ದರು. ಮಕ್ಕಳಿಲ್ಲದ ಆ ಮನೆಯಲ್ಲಿ ಈಗ ಅವರ ನಾಲಿಗೆಯ ಮೇಲೆ ಉಳಿದಿದ್ದವೂ ಅವೆರಡೇ.

"ಇದನ್ನ ಮೊದಲೇ ಹೇಳಬಾರದಿತ್ತೇ ಸರೋಜಮ್ಮ?"

"ಸೇರ್ಸಿದ್ ದಿನಾನೇ ಯೋಳಕ್ಕೆ ಬಂದ್ನಲ್ಲಮ್ಮ. ನೀವು ಬರ್ಕೊಂತಿದ್ರಿ," ಎಂದು ಅವರು ಅನ್ನ ಕಲಸಲು ಕುಳಿತರು. ಆ ದನಿಯಲ್ಲಿ ಆರೋಪವಿರಲಿಲ್ಲ. ಹೊತ್ತಾಗುತ್ತಿತ್ತು, ಅಷ್ಟೇ.

ಕೇಂದ್ರಕ್ಕೆ ಮರಳಿ ಗಿಳಿಯ ಡಬ್ಬ ಸುರಿದುಕೊಂಡು ಕುಳಿತೆ. ಮೂವತ್ತೊಂಬತ್ತು ತುಂಡು ಕೂತವು. ಒಂಬತ್ತು ಎಲ್ಲಿಯೂ ಕೂರಲಿಲ್ಲ. ಆ ಒಂಬತ್ತರ ರಟ್ಟು ಉಳಿದವುಗಳಿಗಿಂತ ಕೂದಲೆಳೆಯಷ್ಟು ದಪ್ಪ, ಬೆರಳಾಡಿಸಿದರಷ್ಟೇ ತಿಳಿಯುವಂಥದ್ದು. ಇನ್ನೊಂದು ಡಬ್ಬದ ಆನೆಯ ಚಿತ್ರದಲ್ಲಿ ಅವು ಅಚ್ಚುಕಟ್ಟಾಗಿ ಕೂತವು. ಎರಡು ಚಿತ್ರಕ್ಕೂ ಹಸಿರೆಲೆಗಳ ಹಿನ್ನೆಲೆ. ಯಾವುದೋ ಶನಿವಾರ ಅವಸರದಲ್ಲಿ ತುಂಬಿಡುವಾಗ ಬೆರೆತಿದ್ದವು. ಕಂಪನಿಗೆ ಕಳಿಸಿದ್ದ ಮೂರು ಫೋಟೋಗಳನ್ನು ತೆರೆದೆ. ಗಂಗಾಧರಪ್ಪನವರ ಎಡಗಡೆ, ಚೌಕಟ್ಟಿನ ಮೂಲೆಯಲ್ಲಿ, ಪ್ರತಿ ಸಲವೂ ಒಂದು ಪುಟ್ಟ ಗುಂಪು. ಎಣಿಸಿದೆ. ಒಂಬತ್ತು. ಒಂಬತ್ತು. ಒಂಬತ್ತು.

ಪದವೀಧರರಾದ ನಮ್ಮಲ್ಲಿ ಒಬ್ಬರಿಗೂ ಕಾಣದ ದೋಷವನ್ನು ಆ ಕೋಣೆಯಲ್ಲಿ ಕಂಡಿದ್ದವರು ಅವರೊಬ್ಬರೇ. ಪ್ರತಿ ವಾರ ಅವರು ಬೇರ್ಪಡಿಸಿದ್ದನ್ನು ನಾವು ಪ್ರತಿ ವಾರ ಬೆರೆಸಿದೆವು. ಕೊನೆಗೆ ಕೈ ಅಡ್ಡ ತಂದದ್ದಕ್ಕೆ ಹೊರಗೆ ಹಾಕಿದೆವು.

ಫೋಟೋಗಳ ಸಮೇತ ಎರಡು ಪುಟದ ಪತ್ರ ಬರೆದು ಆಡಳಿತಾಧಿಕಾರಿಯ ಮುಂದಿಟ್ಟೆ. ಅವರು ಓದಿದರು, ಕನಿಕರವನ್ನೂ ಸೂಚಿಸಿದರು. "ಆದ್ರೆ ಸೀಟ್ ಅಲಾಟ್ ಆಗೋಗಿದೆ ಮೇಡಂ. ಆ ಫೈಲ್ ಕ್ಲೋಸ್ಡ್." ಕಂಪನಿಯ ಪ್ರತಿನಿಧಿ ಫೋನಿನಲ್ಲಿ ಕೇಳಿದ್ದು ಇನ್ನೊಂದು: "ಹಾಗಾದ್ರೆ ಆ ಮೂರು ವಾರಾನ ಪೂರ್ಣ ಅಂತ ಹಾಕ್ಬಹುದಾ?" ಪ್ರಣವ್‌ಗೆ ತಿಳಿಸಿದಾಗ ಅವನು, "ಮೇಡಂ, ಯಾರೂ ಹೇಳ್ಲೇ ಇಲ್ವಲ್ಲ," ಎಂದ. ಹೇಳಿದ್ದರು ಎಂದೆ. ನನಗೆ ಹೇಳಿದ್ದರು.

ಯಾರ ಮೇಲೂ ಕ್ರಮವಾಗಲಿಲ್ಲ, ನನ್ನ ಮೇಲೂ. ನಿಯಮ ಪಾಲಿಸಿದವರನ್ನು ಕೇಳುವವರು ಯಾರು? ಇಂಥ ಕಡೆ ಅನ್ಯಾಯಕ್ಕೆ ಕ್ರೌರ್ಯ ಬೇಕಿಲ್ಲ. ಚಿಕ್ಕದೊಂದು ಚೌಕ, ಅವಸರದ ಒಂದು ಪೆನ್ನು ಸಾಕು. ನಾನು ಕೇಳುತ್ತಲೇ ಇದ್ದೇನೆ: ಮನುಷ್ಯರನ್ನು ಹೊರಹಾಕುವ ನಮೂನೆಯನ್ನು ರೂಪಿಸಿದವರು ಯಾರು, ಅದರಿಂದಾದದ್ದಕ್ಕೆ ಉತ್ತರ ಕೊಡುವವರು ಯಾರು? ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಅದನ್ನು ಬಿಟ್ಟು ಕೇಳುವ ಹಕ್ಕು ನನಗಿಲ್ಲ.

2017ರ ಜನವರಿಯಲ್ಲಿ ಒಂದು ಸೀಟು ತೆರವಾಯಿತು. ಐದು ತಿಂಗಳು ಬಾಗಿಲ ಹಿಂದೆ ಕಳೆದಿದ್ದ ಗಂಗಾಧರಪ್ಪನವರನ್ನು ಸರೋಜಮ್ಮ ಕೈಹಿಡಿದು ಕರೆತಂದರು. ಅಂಗಿಗೆ ಇಸ್ತ್ರಿ ಇತ್ತು. ಜೇಬಿನಲ್ಲಿ ಬಟ್ಟೆ ಇರಲಿಲ್ಲ. ನಾನು ಹಳೆಯ ಅರ್ಜಿ ತೆಗೆದು 'ನಿವೃತ್ತ' ಎಂಬುದನ್ನು ಹೊಡೆದುಹಾಕಿ, ಚೌಕದ ಹೊರಗೂ ಹರಿಯುವಂತೆ ಸರೋಜಮ್ಮ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಅಂದಿನಿಂದ ಇಂದಿನವರೆಗೆ ಕೇಳಿಸಿಕೊಳ್ಳುವುದು ಮುಗಿಯದೆ ಪೆನ್ನು ಎತ್ತಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಕಲಿಸಿದ್ದು ಗಂಗಾಧರಪ್ಪನವರ ಖರ್ಚಿನಲ್ಲಿ.

ಆ ಶನಿವಾರ ಗಿಳಿಯ ತುಂಡುಗಳ ನಡುವೆ ಆನೆಯ ಒಂಬತ್ತು ತುಂಡುಗಳನ್ನು ಬೇಕೆಂದೇ ಬೆರೆಸಿ ಅವರ ಮುಂದಿಟ್ಟೆವು. ಪ್ರಣವ್ ಒಂದನ್ನು ಅವರ ಅಂಗೈಗೆ ಕೊಟ್ಟು, "ಗೋನಾ ಸಾರ್? ನೋ ಗೋನಾ?" ಎಂದು ಮೆಲ್ಲಗೆ ಕೇಳಿದ. ಹೆಬ್ಬೆರಳು ಅಂಚಿನ ಮೇಲೆ ಅಲುಗಲಿಲ್ಲ. ತುಂಡು ಅಂಗೈಯಲ್ಲೇ ಉಳಿಯಿತು.

ಸಂಜೆ ಸರೋಜಮ್ಮ ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಏನಾದ್ರೂ ಅಂದ್ರೇನಮ್ಮ?"

ಮುಂದಿನ ಶನಿವಾರವೂ ನಾವು ಅವರ ಎದುರು ಕುಳಿತೆವು, ಅದರ ಮುಂದಿನದೂ. ನಮ್ಮನ್ನು ಹೋಗು ಎಂದಾದರೂ ಅನ್ನಲಿ ಎಂದು ಕಾದೆ. ಅನ್ನಲಿಲ್ಲ.