ನಾಲ್ಕನೇ ಲೇನಿನಿಂದ ಆರನೇ ಲೇನಿಗೆ

ಕಳೆದ ಶನಿವಾರ ಪುತ್ತೂರಿನ ಈಜುಕೊಳದಲ್ಲಿ ನನ್ನ ಮಗಳು ನಾಲ್ಕನೇ ಲೇನಿನಲ್ಲಿ ಹೊರಟು ಆರನೇ ಲೇನಿನಲ್ಲಿ ಗುರಿ ಮುಟ್ಟಿದಳು.

ನಡುವೆ ಎರಡು ಹಗ್ಗ ಇದ್ದವು. ಎರಡರ ಅಡಿಯಿಂದಲೂ ನುಸುಳಿದಳು. ಐದನೇ ಲೇನಿನ ಹುಡುಗಿಗೆ ಅಡ್ಡ ಬಂದಳು, ಆರನೇ ಲೇನಿನವಳ ಪಕ್ಕದಲ್ಲಿ ತಲೆ ಎತ್ತಿದಳು. ಗೋಡೆ ಮುಟ್ಟಿದ ಮೇಲೆ ಗೆದ್ದವರ ಹಾಗೆ ಕೈ ಬೇರೆ ಎತ್ತಿದಳು! ಮೆಟ್ಟಿಲಲ್ಲಿ ಕೂತಿದ್ದ ಜನ ಹೊಟ್ಟೆ ಹಿಡ್ಕೊಂಡು ನಕ್ಕರು. (ನೀವಿದ್ದಿದ್ದರೆ ನೀವೂ ನಗ್ತಿದ್ರಿ, ಸುಳ್ಳು ಹೇಳ್ಬೇಡಿ.)

ನನಗೆ ನಗು ಬರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನಮ್ಮ ಓಣಿಯಿಂದಲೇ ಶುರು ಮಾಡಬೇಕು.

ಸುಳ್ಯ ಪೇಟೆಯ ಗದ್ದಲ ಮುಗಿಯುವಲ್ಲಿ ನಮ್ಮ ಓಣಿ ಉಂಟು. ಒಂಬತ್ತು ಮನೆ, ಎರಡು ನಾಯಿ, ಕೊನೆಯಲ್ಲಿ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಕೆಳಗೆ ಪಯಸ್ವಿನಿ. ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಉಳಿದ ಎಂಟು ಮನೆಗೂ ಗೊತ್ತಾಗುವಷ್ಟು ಶಾಂತ. ಓಣಿಗೊಂದು ಕಾನೂನೂ ಉಂಟು. ನದಿಯ ಆಚೆ ದಡದಲ್ಲಿ ಒಂದು ಬಂಡೆ. ಈಜಿ ಹೋಗಿ ಅದನ್ನು ಮುಟ್ಟಿ ವಾಪಸು ಬಂದು ತೋರಿಸುವವರೆಗೆ ಯಾವ ಮಗುವೂ ಒಂಟಿಯಾಗಿ ಮೂರನೇ ಮೆಟ್ಟಿಲು ದಾಟುವ ಹಾಗಿಲ್ಲ. ಗೌಡರ ಮನೆಯ ಮಗುವಾಗಲಿ, ಬ್ಯಾರಿಗಳ ಮನೆಯ ಮಗುವಾಗಲಿ, ಬಾಡಿಗೆಗೆ ಬಂದ ಬ್ಯಾಂಕಿನವರ ಮಗುವಾಗಲಿ, ರಿಯಾಯಿತಿ ಇಲ್ಲ.

ಕಲಿಸುವುದು, ಪರೀಕ್ಷೆ ಮಾಡುವುದು, ಫೇಲ್ ಮಾಡುವುದು ಎಲ್ಲ ಒಬ್ಬರೇ. ನನ್ನ ಅತ್ತೆ, ಕುಸುಮಾವತಿ. ವಯಸ್ಸು ಅರವತ್ತೊಂಬತ್ತು. ಯೂನಿಫಾರ್ಮು ನೈಟಿ, ಹೆಗಲ ಮೇಲೊಂದು ಬೈರಾಸು, ಅಂದರೆ ಟವೆಲು. ಸಲಕರಣೆ ಅಂದರೆ ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ. ಅವನ್ನು ಒಂದಕ್ಕೊಂದು ಕಟ್ಟಿ ಮಗುವಿನ ಎದೆಯಡಿಗೆ ಕೊಟ್ಟರೆ ಮಗು ಮುಳುಗುವುದಿಲ್ಲ. ಸ್ವಲ್ಪ ದಿನಕ್ಕೆ ಒಂದು ಕಾಯಿ ತೆಗೆಯುತ್ತಾರೆ. ಮತ್ತೆ ಸ್ವಲ್ಪ ದಿನಕ್ಕೆ ಇನ್ನೊಂದು. ಆ ಹೊತ್ತಿಗೆ ಮಗುವಿಗೆ ಕಾಯಿಯ ನೆನಪೇ ಇರುವುದಿಲ್ಲ. ನನ್ನ ಗಂಡ ಕಲಿತದ್ದು ಹಾಗೆ. ಹನ್ನೆರಡು ವರ್ಷದ ನನ್ನ ಮಗಳು ಪೂರ್ವಿ ಕಲಿತದ್ದೂ ಹಾಗೆ.

ಓಣಿಯಲ್ಲಿ ಈಜು ಬಾರದವಳು ಯಾರು ಗೊತ್ತುಂಟಾ? ನಾನು. ಪುತ್ತೂರು ಕಡೆಯ ಸವಣೂರಿನವಳು, ಹರಿಯುವ ನೀರು ಕಂಡರೆ ಕೈಕಾಲು ತಣ್ಣಗಾಗುವವಳು. ಮದುವೆಯಾಗಿ ಬಂದು ಹದಿನೇಳು ವರ್ಷ, ಮೂರನೇ ಮೆಟ್ಟಿಲು ದಾಟಿಲ್ಲ. ಅತ್ತೆ ಮೊದಮೊದಲು ಕರೆದರು, ಆಮೇಲೆ ಬಿಟ್ಟರು. (ನಮ್ಮ ಮನೆಯಲ್ಲಿ ಅತ್ತೆಯದು ಅರೆಭಾಷೆ, ನನ್ನದು ತುಳು, ಜಗಳ ಮಾತ್ರ ಕನ್ನಡದಲ್ಲಿ. ಇಬ್ಬರಿಗೂ ಸಮ ಆಗಬೇಕಲ್ಲ!)

ಹೀಗಿರುವಾಗ ಪೂರ್ವಿಯ ಶಾಲೆಯಿಂದ ಒಂದು ಫಾರಂ ಬಂತು. ಪುತ್ತೂರಿನಲ್ಲಿ ಈಜು ತಂಡದ ಆಯ್ಕೆ. ಹೆಸರು, ತರಗತಿ, ರಕ್ತದ ಗುಂಪು, ಎಲ್ಲ ಅವಳೇ ತುಂಬಿಸಿದ್ದಳು. ‘ಕೋಚ್ ಹೆಸರು’ ಅನ್ನುವಲ್ಲಿ ಪೆನ್ಸಿಲಿನಲ್ಲಿ ‘ಅಜ್ಜಿ’ ಅಂತ ಬರೆದಿದ್ದಳು.

ನಾನೆಂತ ಮಾಡಿದೆ? ರಬ್ಬರು ತೆಗೆದುಕೊಂಡು ಉಜ್ಜಿದೆ. ಪೆನ್ನಿನಲ್ಲಿ ‘ಇಲ್ಲ’ ಅಂತ ಬರೆದೆ.

“ಯಾಕಮ್ಮಾ?” ಅಂತ ಕೇಳಿದಳು.

“ಜನ ನಗ್ತಾರೆ ಪುಟ್ಟಾ. ಅದು ಸರ್ಟಿಫಿಕೇಟ್ ಇದ್ದವರ ಹೆಸರು ಹಾಕುವ ಜಾಗ.”

ಅವಳು ಫಾರಂ ಮಡಚಿ ಬ್ಯಾಗಿಗೆ ಹಾಕಿದಳು. ನನಗೆ ಅದು ಮರೆತೇ ಹೋಯಿತು. ಫಾರಂ ತುಂಬುವಾಗ ನಾವೆಲ್ಲ ಹೀಗೇ ಅಲ್ಲವಾ? ಬೆಳಿಗ್ಗೆ ಐದಕ್ಕೆದ್ದು ಇಡೀ ಮನೆ ನಡೆಸುವ ತಾಯಿಯ ‘ಉದ್ಯೋಗ’ದ ಮುಂದೆ ಒಂದು ಅಡ್ಡಗೆರೆ ಎಳೆದು ಕೊಟ್ಟುಬಿಡುತ್ತೇವೆ. ಪೆನ್ನು ನಮ್ಮ ಕೈಯಲ್ಲಿ ಉಂಟು ಅಂತ ಎಷ್ಟು ಧೈರ್ಯ ನೋಡಿ!

ಶನಿವಾರ ಪುತ್ತೂರಿಗೆ ಹೊರಟವರು ಮೂರು ಜನ. ಅತ್ತೆ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಪೂರ್ವಿಗೆ ಎರಡು ಸ್ಪರ್ಧೆ. ಒಂದು, ಕೊಳದ ಈ ತುದಿಯಿಂದ ಆ ತುದಿಗೆ. ಇನ್ನೊಂದು, ಹೋಗಿ ಬರುವುದು. ಪ್ರತಿಯೊಂದರಲ್ಲೂ ಮೊದಲ ಮೂವರಿಗೆ ತಂಡದಲ್ಲಿ ಜಾಗ. ಆ ಜಾಗಕ್ಕಾಗಿ ಅವಳು ಒಂದು ವಾರದಿಂದ ಐಸ್‌ಕ್ರೀಮ್ ಮುಟ್ಟಿರಲಿಲ್ಲ, ಶೀತ ಆದರೆ ಅಂತ.

ಮೊದಲನೆಯದಕ್ಕೆ ಶಿಳ್ಳೆ ಊದಿದರು. ಉಳಿದವರೆಲ್ಲ ದಬದಬ ಹಾರಿದರು. ಇವಳು ಬಗ್ಗಿ ನೀರು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಇಳಿದಳು! ನದಿಗೆ ಇಳಿಯುವಾಗ ಅತ್ತೆ ಕಲಿಸಿದ ಕ್ರಮ ಅದು. ಇಳಿದವಳು ನೇರ ಹೋಗಲಿಲ್ಲ, ಎಡಕ್ಕೆ ಹೋದಳು. ನಮ್ಮ ಮೆಟ್ಟಿಲಿನಿಂದ ಬಂಡೆಗೆ ಮುಖ ಮಾಡಿ ಈಜಿದರೆ ಬಂಡೆ ಸಿಗುವುದಿಲ್ಲ. ಹರಿವು ಬಲಕ್ಕೆ ತಳ್ಳಿಬಿಡುತ್ತದೆ. ಹಾಗಾಗಿ ಎಡಕ್ಕೆ, ನೀರು ಬರುವ ಕಡೆಗೆ, ಓರೆಯಾಗಿ ಈಜಬೇಕು. ಆಗ ಸರಿಯಾಗಿ ಬಂಡೆಗೇ ಮುಟ್ಟುವುದು. ನಡುವೆ ಬಳ್ಳಿಯೋ ಕೊಂಬೆಯೋ ತೇಲಿಬಂದರೆ ಅಡಿಯಿಂದ ನುಸುಳಬೇಕು.

ನಿಂತ ನೀರಿನಲ್ಲಿ ನನ್ನ ಮಗಳು ಹರಿಯುವ ನೀರಿನ ಪಾಠವನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದ್ದಳು.

ತೀರ್ಪುಗಾರರು ಒಬ್ಬರು ಖಡಕ್ ಮೇಡಂ. “ಲೇನ್ ದಾಟಿದ್ದಾಳೆ. ಈ ಸ್ಪರ್ಧೆಯಿಂದ ಔಟ್” ಅಂದರು. ನ್ಯಾಯವೇ. ಮೇಡಂ ಫಾರಂ ತಿರುಗಿಸಿ ನೋಡಿದರು. ಗಟ್ಟಿಯಾಗಿ ಓದಿದರು. “ಕೋಚ್, ಇಲ್ಲ. ಎಂತದಿದು? ಯಾರೂ ಕಲಿಸದೆ ಮಗುವನ್ನು ನೀರಿಗೆ ಇಳಿಸುದಾ? ಹೆಚ್ಚುಕಮ್ಮಿ ಆದರೆ ಯಾರು ಜವಾಬ್ದಾರಿ?”

ಅತ್ತೆ ಪಕ್ಕದಲ್ಲೇ ಇದ್ದರು. ಕೇಳಿಸಿತು. ನನ್ನ ಮುಖವನ್ನು ಒಮ್ಮೆ ನೋಡಿದರು. ಅಷ್ಟೇ. ಆಮೇಲೆ ಕೈಯಲ್ಲಿದ್ದ ಬೈರಾಸನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

ಜಗಳ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ ಮಾರಾಯ್ರೆ. ನಾಚಿಕೆಯಿಂದ ನೆಲ ಬಾಯಿ ಬಿಡಬಾರದಾ ಅನಿಸಿತು. ಓಣಿಯ ಅಷ್ಟೂ ಮಕ್ಕಳಿಗೆ ಕಲಿಸಿದವರು, ಒಂದು ಮಗುವಿಗೂ ಒಂದು ಗುಟುಕು ನೀರು ಕುಡಿಯಲು ಬಿಡದವರು. ಅವರ ಎದುರೇ ಯಾರೂ ಕಲಿಸಿಲ್ಲ ಅಂತ ಓದಿದರಲ್ಲ! ಬರೆದವಳು ನಾನು.

“ಕೋಚ್ ಇದ್ದಾರೆ ಮೇಡಂ. ತಪ್ಪು ನನ್ನದು” ಅಂದೆ. ನನ್ನ ಸ್ವರ ನನಗೇ ಜೋರಾಗಿ ಕೇಳಿತು. ಅವರ ಕೈಯಿಂದ ಪೆನ್ನು ತೆಗೆದುಕೊಂಡೆ (ಕಸಿದುಕೊಂಡೆ ಅಂತ ಪೂರ್ವಿ ಹೇಳುತ್ತಾಳೆ). ‘ಇಲ್ಲ’ ಹೊಡೆದುಹಾಕಿ ‘ಕುಸುಮಾವತಿ, ಸುಳ್ಯ’ ಅಂತ ದೊಡ್ಡದಾಗಿ ಬರೆದೆ. “ಇವರೇ. ನನ್ನ ಅತ್ತೆ.”

ಮೇಡಂ ಅತ್ತೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಸೀರೆ, ಮಲ್ಲಿಗೆ, ರಬ್ಬರ್ ಚಪ್ಪಲಿ. ಹಿಂದೆ ಯಾರೋ ಕಿಸಕ್ ಅಂದರು. ನಗಲಿ! “ಇಲ್ಲಿ ಸಹಿ ಬೇಕು” ಅಂದರು ಮೇಡಂ. ಅತ್ತೆ ಕನ್ನಡಕ ಹಾಕಿ, ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದರು. ಗೆರೆ ದಾಟಲಿಲ್ಲ.

ಆಮೇಲೆ ಮೊಮ್ಮಗಳ ಕಡೆ ತಿರುಗಿದರು. ಪೂರ್ವಿ ಅಳುತ್ತಿದ್ದಳು.

“ಗೂಡೆ” ಅಂದರು. ಅರೆಭಾಷೆಯಲ್ಲಿ ಹುಡುಗಿ ಅಂತ ಅರ್ಥ. ಮುದ್ದು ಬಂದಾಗ ಮಾತ್ರ ಹಾಗೆ ಕರೆಯುವುದು. “ಈ ನೀರು ತಳ್ಳುದಿಲ್ಲ. ಪಾಪ, ಅದಕ್ಕೆ ಹೋಗ್ಲಿಕ್ಕೆ ಜಾಗ ಇಲ್ಲ. ನೀನು ನೇರ ಹೋಗು. ಅಡಿಯಲ್ಲಿ ಕಪ್ಪು ಗೆರೆ ಉಂಟಲ್ಲ, ಅದನ್ನು ಬಿಡ್ಬೇಡ. ಮತ್ತೆ ಕಣ್ಣಿಗೆ ನೀರು ಒತ್ತುದನ್ನು ಶಿಳ್ಳೆಗೆ ಮೊದಲೇ ಮುಗಿಸು.”

ಇಷ್ಟೇ ಕೋಚಿಂಗ್. ಎರಡು ನಿಮಿಷವೂ ಇಲ್ಲ.

ಎರಡನೇ ಸ್ಪರ್ಧೆ. ಪೂರ್ವಿ ಮೊದಲೇ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಶಿಳ್ಳೆ ಬಿತ್ತು, ಇಳಿದಳು. ನಾನು ಉಸಿರು ಹಿಡಿದು ಎಡಗಡೆಯ ಹಗ್ಗವನ್ನೇ ನೋಡುತ್ತಿದ್ದೆ. ಒಮ್ಮೆಯೂ ಹಗ್ಗಕ್ಕೆ ತಾಗಲಿಲ್ಲ. ಗೆರೆ ಎಳೆದ ಹಾಗೆ ಹೋದಳು, ಗೋಡೆ ಮುಟ್ಟಿದಳು, ತಿರುಗಿದಳು. ಬರುವಾಗ ಉಳಿದವರ ಕೈ ಸೋಲತೊಡಗಿತ್ತು, ಇವಳದು ಹೋಗುವಾಗ ಹೇಗಿತ್ತೋ ಹಾಗೇ ಇತ್ತು. ಕೊನೆಯಲ್ಲಿದ್ದವಳು ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಬಂದಳು. “ಬಾ ಗೂಡೆ, ಬಾ!” ಅಂತ ಯಾರೋ ಕಿರುಚುತ್ತಿದ್ದರು. ನೋಡಿದರೆ ನಾನೇ. ಹದಿನೇಳು ವರ್ಷದಲ್ಲಿ ಮೊದಲ ಸಲ ನನ್ನ ಬಾಯಲ್ಲಿ ಅರೆಭಾಷೆ ಬಂದಿತ್ತು!

ನಾಲ್ಕನೆಯವಳಾಗಿ ಮುಟ್ಟಿದಳು. ಮೂರನೆಯವಳಿಗಿಂತ ಒಂದು ಕೈ ಹಿಂದೆ. ಆಯ್ಕೆ ಆಗಲಿಲ್ಲ.

ಗೆದ್ದವರೂ ಸೋತವರೂ ಹಗ್ಗ ಹಿಡಿದು ಏದುಸಿರು ಬಿಡುತ್ತಿದ್ದರು. ನನ್ನ ಮಗಳು ನೀರಿನಿಂದ ತಲೆ ಎತ್ತಿ, ಮುಖ ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. “ಅಜ್ಜೀ, ಇನ್ನೊಮ್ಮೆ ಹೋಗಿ ಬರ್ಲಾ?”

ಮೇಡಂ ನಕ್ಕರು. ಈ ಸಲದ ನಗು ಬೇರೆ ಥರದ್ದು. “ಅಮ್ಮಾ, ದಮ್ಮು ಚೆನ್ನಾಗಿ ಕಲಿಸಿದ್ದೀರಿ” ಅಂದರು ಅತ್ತೆಗೆ. ಅತ್ತೆ “ಹ್ಞಾಂ” ಅಂದರು, ಅಷ್ಟೇ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಆ ಮಾತನ್ನು ಪಕ್ಕದ ಸೀಟಿನವರಿಗೂ ಕಂಡಕ್ಟರನಿಗೂ ಹೇಳಿದರು. ಹೇಳಲಿ ಬಿಡಿ. ಅವರು ಒಂದೆರಡು ಪದ ಬಿಟ್ಟಲ್ಲಿ ನಾನೇ ಸೇರಿಸಿದೆ. ನನಗೆ ಹೆಮ್ಮೆ ಎದೆಯಲ್ಲಿ ಹಿಡಿಸುತ್ತಿರಲಿಲ್ಲ. ತಂಡಕ್ಕೆ ಆಯ್ಕೆಯಾದವರ ಮನೆಯಲ್ಲೂ ಆವತ್ತು ಅಷ್ಟು ಹೆಮ್ಮೆ ಇತ್ತೋ ಇಲ್ಲವೋ!

ಪೂರ್ವಿ ಮಾತ್ರ ಎರಡು ಐಸ್‌ಕ್ರೀಮ್ ತಿಂದು, ಬರುವ ವರ್ಷಕ್ಕೆ ಆ ಒಂದು ಕೈ ದೂರವನ್ನು ಎಲ್ಲಿ ಹಿಡಿಯುವುದು ಅಂತ ಅಜ್ಜಿಯ ಹತ್ತಿರ ಗುಟ್ಟಾಗಿ ಮಾತಾಡುತ್ತಿದ್ದಳು.

ಫಾರಂ ವಿಷಯ ಅತ್ತೆ ಎತ್ತಲೇ ಇಲ್ಲ. ಬಚಾವಾದೆ ಅಂದುಕೊಂಡೆ. ಮರುದಿನ ಭಾನುವಾರ, ಬೆಳಿಗ್ಗೆ ದೋಸೆಗೆ ಚಟ್ನಿ ಕಡೆಯುತ್ತಿದ್ದೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಎರಡು ಒಣ ಕಾಯಿ, ಒಂದಕ್ಕೊಂದು ಕಟ್ಟಿದ್ದು. ಗಂಟು ಹೊಸದು.

“ಚಟ್ನಿ ನಾನು ಕಡೀತೇನೆ, ಆಮೇಲೆ. ಈಗ ನೀನು ನಡಿ” ಅಂದರು. “ಫಾರಂ ತುಂಬುವವರಿಗೂ ಸ್ವಲ್ಪ ಈಜು ಗೊತ್ತಿರಲಿ.”

ಇದನ್ನು ಬರೆಯುವ ಹೊತ್ತಿಗೆ ನಾಲ್ಕನೇ ಮೆಟ್ಟಿಲಿನವರೆಗೆ ಇಳಿದಿದ್ದೇನೆ. ನೀರು ಸೊಂಟಕ್ಕೆ ಬರುತ್ತದೆ, ಮೇಲಿನಿಂದ ಪೂರ್ವಿ ತೀರ್ಪುಗಾರ್ತಿಯ ಹಾಗೆ ಶಿಳ್ಳೆ ಊದುತ್ತಾಳೆ.

ನನ್ನ ಕೋಚ್ ಯಾರು ಅಂತ ಈಗೊಮ್ಮೆ ಕೇಳಿ ನೋಡಿ!