ನಮ್ಮನೆಯವಳು ಕೂತ ಗಾಡಿ

ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಶಿವಮೊಗ್ಗದ ಕೋಟೆಯ ಆಂಜನೇಯನ ಗುಡಿಗೆ ಹೋಗಿ ಬರದೆ ಶೇಖರಣ್ಣ ಒಂದು ಗಾಡಿಯನ್ನೂ ಮಾರುತ್ತಿರಲಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ಅವರದು ಶೀಟು ಹೊದಿಸಿದ ಗ್ಯಾರೇಜು, ಅದರ ಬೆನ್ನಿಗೇ ಮನೆ. ಹಳೇ ಕಾರು ಕೊಂಡು, ರಿಪೇರಿ ಮಾಡಿ ಮಾರುವುದು ಕಸುಬು. ಕೆಲಸ ಮುಗಿದು ಬಾನೆಟ್ ಮುಚ್ಚಿದ ಕೂಡಲೇ ಮನೆಯ ಕಡೆಗೆ ಕತ್ತು ತಿರುಗಿಸಿ ಕೂಗುತ್ತಿದ್ದರು: "ಸರೋಜಾ, ಸೀರೆ ಬದ್ಲಾಯ್ಸೇ!"

ಸರೋಜಕ್ಕ ಒಳ್ಳೆಯ ಸೀರೆಯುಟ್ಟು, ಹೂ ಮುಡಿದು, ಮದುವೆಗೆ ಹೊರಟವರಂತೆ ಬಂದು ಕೂರುತ್ತಿದ್ದರು. ಕೋಟೆಗೆ ಹೋಗಿ ಬರುವಷ್ಟರಲ್ಲಿ ಗಾಡಿಯ ಜಾತಕವೆಲ್ಲ ಬಯಲಾಗುತ್ತದೆಂದು ಶೇಖರಣ್ಣ ನಂಬಿದ್ದರು. ಮರಳಿ ಬಂದು, ಗುಡಿಯ ಸಿಂಧೂರವನ್ನು ಸ್ಟಿಯರಿಂಗಿಗೆ ಒಂದು ಬೊಟ್ಟು ಹಚ್ಚಿ, ಕೊಳ್ಳಲು ಬಂದವರಿಗೆ ಒಂದೇ ಮಾತು ಹೇಳುತ್ತಿದ್ದರು: "ನಮ್ಮನೆಯವಳು ಕೂತ ಗಾಡಿ." ಅದೇ ಗ್ಯಾರಂಟಿ. ನಮ್ಮ ಬೀದಿಗಳಲ್ಲಿ ಅದು ಗಾದೆಯೇ ಆಗಿಹೋಗಿತ್ತು. ಕುಕ್ಕರ್ ಮಾರುವವನೂ, ಮದುವೆಗೆ ಗಂಡು ತೋರಿಸುವವನೂ "ನಮ್ಮನೆಯವಳು ಕೂತ ಗಾಡಿ ಕಣಮ್ಮ" ಅನ್ನುತ್ತಿದ್ದರು. ಸರೋಜಕ್ಕನೇ ನಗುತ್ತಿದ್ದರು: "ನೋಡು ಮಾರಾಯ್ತಿ, ಇಡೀ ಭದ್ರಾವತೀಲಿ ನನ್ನಷ್ಟು ಕಾರಲ್ಲಿ ಓಡಾಡಿದ ಹೆಂಗಸಿಲ್ಲ. ಸ್ವಂತಕ್ಕೆ ಒಂದು ಸೈಕಲ್ಲೂ ಇಲ್ಲ!"

ನಮ್ಮ ಅಬ್ಬಾ ಮೊದಲ ಕಾರು ಕೊಂಡದ್ದು ಅವರಿಂದಲೇ. ಹಳೆಯ ಪೆಟ್ರೋಲ್ ಗಾಡಿ, ಆಕಾಶದ ಬಣ್ಣ. ಅಬ್ಬಾ ಅದನ್ನು ಮನೆಗೆ ತರಲು ಹೋದ ದಿನ ಶೇಖರಣ್ಣ ಕೀಲಿ ಕೊಡಲಿಲ್ಲ.

"ಬೇಡ ಭಾಯ್, ಇವತ್ತಾಗಲ್ಲ. ಕೋಟೆಯಿಂದ ಬರ್ತಾ ಇವಳಿಗೆ ತಲೆ ಸುತ್ತು ಬಂತು."

"ಅಕ್ಕಂಗೆ ಪಿತ್ತ ಇರ್ಬೇಕು ಮಾರಾಯ," ಅಂದರು ಅಬ್ಬಾ.

"ಪಿತ್ತ ಇವಳಿಗಲ್ಲ, ಗಾಡಿಗೆ."

ಕೆಳಗೆ ಮಲಗಿ ಹುಡುಕಿದರೆ ಹೊಗೆ ಕೊಳವೆಯಲ್ಲಿ ಸಣ್ಣ ಸೀಳು. ಹೊಗೆ ಸದ್ದಿಲ್ಲದೆ ಹಿಂದಿನ ಸೀಟಿಗೆ ನುಗ್ಗುತ್ತಿತ್ತು. ಹಿಂದೆ ಕೂರಬೇಕಾದವರು ಅಮ್ಮಿ ಮತ್ತು ನಾನು. ಅದನ್ನು ಸರಿಪಡಿಸಿ, ಸರೋಜಕ್ಕನನ್ನು ಇನ್ನೊಮ್ಮೆ ಕೂರಿಸಿಕೊಂಡು ಹೋಗಿಬಂದು, ಆಮೇಲೆ ಕೀಲಿ ಕೊಟ್ಟರು. ಸ್ಟಿಯರಿಂಗಿನ ಸಿಂಧೂರವನ್ನು ಅಬ್ಬಾ ಒರೆಸಲಿಲ್ಲ. "ಅದು ಅವನು ಕೊಟ್ಟ ಜುಬಾನ್, ಕೊಟ್ಟ ಮಾತು. ಇರ್ಲಿ ಬಿಡು," ಅಂದರು. ಸಾಯುವ ಮುಂಚೆಯೂ ನನಗೆ ಹೇಳಿದ್ದರು, ಗಾಡಿ ತಗೊಂಡರೆ ಶೇಖರನನ್ನು ಕೇಳಿ ತಗೋ ಎಂದು.

ಹಾಗಾಗಿ ಕೇಳಲು ಹೋದೆ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಆ ವರ್ಷ ನಮ್ಮ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರಲಿಲ್ಲ. ಒಬ್ಬರಾದ ಮೇಲೊಬ್ಬರು ಎಲೆಕ್ಟ್ರಿಕ್ ಕಾರು ತರುತ್ತಿದ್ದರು. ಪೆಟ್ರೋಲ್ ಕಾರಿನವರು ಬಂಕಿನ ದರ ಹೇಳಿಕೊಂಡು ಗೊಣಗುತ್ತಿದ್ದರು. ನಾನೂ ಅಂಥದ್ದೇ ಕೊಳ್ಳಲೇ ಎಂದು ಕೇಳಿದರೆ ಶೇಖರಣ್ಣ ನಕ್ಕರು.

"ಪೆಟ್ರೋಲ್ ಗಾಡಿ ನಮ್ಮತ್ತೆ ಇದ್ದ ಹಾಗೆ ತಂಗಿ. ಸೊಂಟ ನೋವು, ಮಂಡಿ ನೋವು ಅಂತ ದಿನಾ ಹೇಳುತ್ತೆ. ಹೇಳ್ತಾ ಹೇಳ್ತಾನೇ ನೂರು ವರ್ಷ ಬದುಕುತ್ತೆ. ಈ ಕರೆಂಟ್ ಗಾಡಿ ಗುಮ್ಮನಗುಸ್ಕ. ಏನಾಗಿದೆ ಅಂತ ಬಾಯೇ ಬಿಡಲ್ಲ. ಬಾಯಿ ಬಿಡದೋರನ್ನ ನಂಬಬೇಡ."

ನಂಬದವರು ಕಡಿಮೆಯಾಗುತ್ತ ಬಂದರು. ಗ್ಯಾರೇಜಿನ ಮುಂದೆ ಪೆಟ್ರೋಲ್ ಗಾಡಿಗಳು ಧೂಳು ಹೊದ್ದು ನಿಂತವು. ಬಂದವರೆಲ್ಲ "ಕರೆಂಟ್‌ದು ಇದ್ರೆ ಹೇಳಿ ಅಣ್ಣ" ಎಂದು ಹೇಳಿ ಹೋಗುತ್ತಿದ್ದರು. ಮರುವರ್ಷ ಮಳೆಗಾಲ ಕಳೆದ ಮೇಲೆ ಶೇಖರಣ್ಣ ತಾವಾಗಿಯೇ ಫೋನ್ ಮಾಡಿದರು. "ನಿಂಗೇ ಅಂತ ಒಂದು ಗಾಡಿ ಇಟ್ಟಿದೀನಿ ತಂಗಿ. ಕರೆಂಟ್‌ದು."

"ಗುಮ್ಮನಗುಸ್ಕ ಅಂದಿದ್ರಲ್ಲ?"

"ಕಾಲ ಬದಲಾಯ್ತಲ್ಲಮ್ಮ. ನಾನೊಬ್ಬ ಬೇಡ ಅಂದ್ರೆ ನಿಲ್ಲುತ್ತಾ?"

ಬಿಳಿ ಕಾರು, ಹೊಸದರಂತೆ ಹೊಳೆಯುತ್ತಿತ್ತು. ಸ್ಟಿಯರಿಂಗಿನ ಮೇಲೆ ಸಿಂಧೂರದ ಬೊಟ್ಟಿತ್ತು. ನಾನು ತಮಾಷೆಗೆ ಕೇಳಿದೆ, "ಅಕ್ಕ ಕೂತಾಯ್ತಾ?"

"ಕೂತಾಯ್ತು. ಕೋಟೆಗೆ ಹೋಗಿ ಬಂದಾಯ್ತು." ಹಳೇ ಬಟ್ಟೆಯಲ್ಲಿ ಕೈ ಒರೆಸುತ್ತ ಹೇಳಿದರು. ಆಗ ಅವರ ಕೈಯಲ್ಲಿ ಗ್ರೀಸ್ ಇರಲಿಲ್ಲ. ಒರೆಸಲು ಏನಿತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಕೆಲವು ತಿಂಗಳು ಕಾರು ಹೂವಿನಂತೆ ಓಡಿತು. "ಶೇಖರಣ್ಣನೇ ಕೊಟ್ಟ ಮೇಲೆ ಇನ್ನೇನು," ಎಂದು ನಮ್ಮ ಬೀದಿಯವರಲ್ಲೂ ಕೆಲವರು ಎಲೆಕ್ಟ್ರಿಕ್ ಗಾಡಿಗೆ ಮನಸ್ಸು ಮಾಡಿದರು.

ಮುಂದಿನ ಮಳೆಗಾಲದ ಒಂದು ಭಾನುವಾರ, ತುಂಗೆಯ ಅಣೆಕಟ್ಟಿನ ಗೇಟು ತೆರೆದಿದ್ದಾರೆಂದು, ಅಮ್ಮಿಯನ್ನು ಕರೆದುಕೊಂಡು ಗಾಜನೂರಿಗೆ ಹೊರಟೆ. ಅಮ್ಮಿ ಹಿಂದಿನ ಸೀಟಿನಲ್ಲಿ ಚಪ್ಪಲಿ ಬಿಚ್ಚಿಟ್ಟು ಕಾಲು ಮಡಚಿ ಕೂತಿದ್ದರು. ಊರು ದಾಟಿದ ಮೇಲೆ ಮುಂದಿನ ಪರದೆಯಲ್ಲಿ ಹಳದಿ ಆಮೆಯ ಚಿತ್ರ ಮೂಡಿತು. "ಇದ್ಯಾಕೆ ಆಮೆ ಬಂತು?" ಎಂದು ಅಮ್ಮಿ ನಕ್ಕರು. ಗಾಡಿ ನಿಧಾನವಾಯಿತು. ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಕಾಲ ಕೆಳಗೆ ಸದ್ದು, ಕುಕ್ಕರ್ ಕೂಗುವ ಮುಂಚೆ ಬರುತ್ತದಲ್ಲ, ಅಂಥ ಸುಯ್‌ ಎಂಬ ಸದ್ದು. ಪರದೆ ಕಪ್ಪಾಯಿತು. ಎರಡೂ ಬದಿಯಿಂದ ಬಿಳಿ ಹೊಗೆ ಎದ್ದಿತು.

ನಾನು ಇಳಿದೆ. ಹಿಂದಿನ ಬಾಗಿಲು ತೆರೆಯಲಿಲ್ಲ. ಲಾಕು ಬಿಡಲಿಲ್ಲವೋ, ನನ್ನ ಕೈಗೆ ಬಲ ಬರಲಿಲ್ಲವೋ ಇವತ್ತಿಗೂ ತಿಳಿಯದು. ಗಾಜಿನಾಚೆ ಅಮ್ಮಿಯ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮತ್ತೆ ಒಳಗೆ ನುಗ್ಗಿ, ಮುಂದಿನ ಎರಡು ಸೀಟುಗಳ ಸಂದಿನಲ್ಲಿ ಅಮ್ಮಿಯ ತೋಳು ಹಿಡಿದು ಎಳೆದೆ. ಬುರ್ಖಾ ಯಾವುದಕ್ಕೋ ಸಿಕ್ಕಿಕೊಂಡಿತು, ಹರಿಯಿತು. ಹೇಗೋ ಹೊರಗೆ ಬಂದೆವು. ರಸ್ತೆಯಾಚೆ ಓಡುವಾಗ ಅಮ್ಮಿ ಹಿಂತಿರುಗಿ, "ಬೇಟಿ, ನನ್ ಚಪ್ಲಿ!" ಅಂದರು. ಅಷ್ಟರಲ್ಲಿ ಸೀಟುಗಳು ಉರಿಯುತ್ತಿದ್ದವು.

ಈಗಲೂ ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟರೆ ನಾನು ಹೊರಗೆ ಬಂದು ನಿಲ್ಲುತ್ತೇನೆ. ಕನಸಿನಲ್ಲಿ ಆ ಬಾಗಿಲನ್ನು ಎಳೆಯುತ್ತಲೇ ಇರುತ್ತೇನೆ.

ಸುದ್ದಿ ನಮಗಿಂತ ಮುಂಚೆ ಜನ್ನಾಪುರ ತಲುಪಿತ್ತು. "ಕರೆಂಟ್ ಗಾಡಿ ಸಹವಾಸವೇ ಬೇಡಪ್ಪ," ಎಂದು ಮನಸ್ಸು ಮಾಡಿದವರೆಲ್ಲ ಹಿಂದೆ ಸರಿದರು. ನಾನು ಆ ಮಾತು ಒಪ್ಪಲಿಲ್ಲ. ನನ್ನ ಸಹೋದ್ಯೋಗಿಗಳ ಗಾಡಿಗಳು ಸುಖವಾಗಿ ಓಡುತ್ತಿದ್ದವು. ಪೆಟ್ರೋಲ್ ಗಾಡಿಯೂ ಉರಿಯುತ್ತದೆ. ನಮ್ಮ ಗ್ರಹಚಾರ ಅಂದುಕೊಂಡೆ. ಶೇಖರಣ್ಣ ನೋಡಲು ಬರಲಿಲ್ಲ. ಅವರಿಗೂ ಆಘಾತವಾಗಿರಬೇಕು ಎಂದು ನಾನೇ ಅಮ್ಮಿಗೆ ಸಮಾಧಾನ ಹೇಳಿದೆ.

ಬಂದವರು ಸರೋಜಕ್ಕ. ಅಮ್ಮಿಗೆಂದು ಹೊಸ ಚಪ್ಪಲಿ ತಂದಿದ್ದರು. ಅಮ್ಮಿಯ ಕಾಲ ಬಳಿ ಕೂತು ತಾವೇ ತೊಡಿಸಿ, "ಸರಿಯಾಯ್ತಾ ಅಕ್ಕ?" ಅಂದರು. ನಾನು ಟೀ ಕೊಡುತ್ತ ಸುಮ್ಮನೆ ಕೇಳಿದೆ, "ನೀವೂ ಅದ್ರಲ್ಲಿ ಕೋಟೆಗೆ ಹೋಗಿ ಬಂದ್ರಲ್ಲ ಅಕ್ಕ. ಆಗ ಏನೂ ಅನ್ನಿಸ್ಲಿಲ್ವಾ?"

"ಯಾವುದು, ಆ ಬಿಳೀದಾ? ನಾನೆಲ್ಲಿ ಕೂತೆ? ಸೀರೆ ಉಟ್ಕೊಂಡು ಬಂದಿದ್ದೆ ಕಣೇ. ನೀನು ಬೇಡ, ಒಳಗೆ ಹೋಗು ಅಂದ್ರು. ಮಳೇಲಿ ಎಲ್ಲೋ ನೀರಲ್ಲಿ ಮುಳುಗಿ ನಿಂತಿದ್ದ ಗಾಡಿಯಂತೆ, ಅದಕ್ಕೇ…"

ಕೈ ಇನ್ನೂ ಅಮ್ಮಿಯ ಪಾದದ ಮೇಲಿತ್ತು. ನನ್ನ ಮುಖ ನೋಡಿದರು, ಅಮ್ಮಿಯ ಮುಖ ನೋಡಿದರು. ಟೀ ಮುಟ್ಟದೆ ಎದ್ದು ಹೋದರು.

ಮಾರನೆಯ ದಿನ ಗ್ಯಾರೇಜಿಗೆ ಹೋದೆ. ಶೇಖರಣ್ಣ ಸ್ಟೂಲಿನ ಮೇಲೆ ಕೂತಿದ್ದರು. ನಾನು ಏನೂ ಕೇಳುವ ಮುಂಚೆಯೇ ಶುರು ಮಾಡಿದರು. "ಬ್ಯಾಟರಿಗೆ ನೀರು ಹೋಗಿತ್ತು, ಬಿಚ್ಚಿ ಒಣಗಿಸಿದ್ದೆ ತಂಗಿ. ಓಡಿಸಿ ನೋಡಿದ್ದೆ. ಚೆನ್ನಾಗೇ ಇತ್ತು. ಎಲ್ಲರೂ ಅದನ್ನೇ ಕೇಳ್ತಿದ್ರು. ಪೆಟ್ರೋಲ್ ಗಾಡಿ ಮುಟ್ಟೋರೇ ಇರ್ಲಿಲ್ಲ. ಸಿಕ್ಕಿದ್ದು ಅದೊಂದೇ…"

"ಅಕ್ಕನ್ನ ಯಾಕೆ ಕೂರಿಸ್ಲಿಲ್ಲ?"

ಅವರು ಹಳೇ ಬಟ್ಟೆ ತೆಗೆದುಕೊಂಡು ಕೈ ಒರೆಸತೊಡಗಿದರು.

"ನಮ್ಮಮ್ಮಿ ಕೂರಬಹುದಿತ್ತು. ಅಕ್ಕ ಕೂರಬಾರದಿತ್ತು. ಅಷ್ಟೇ ತಾನೇ ಅಣ್ಣ?"

"ಹಂಗನ್ಬೇಡ. ನಿಮ್ಮಪ್ಪ ನಂಗೆ ಅಣ್ಣನ ಥರ ಇದ್ದ. ಬೇರೆ ಗಾಡಿ ಕೊಡ್ತೀನಿ. ಪೆಟ್ರೋಲ್‌ದು. ನೋಡು, ಅಲ್ಲೇ ನಿಂತಿದೆ. ಈಗ್ಲೇ, ನಿನ್ನ ಕಣ್ಣೆದುರಿಗೇ…" ಎಂದು ಮನೆಯ ಕಡೆಗೆ ಕತ್ತು ತಿರುಗಿಸಿ, ಮೊದಲಿನ ಹಾಗೇ ಕೂಗಿದರು: "ಸರೋಜಾ, ಸೀರೆ ಬದ್ಲಾಯ್ಸೇ!"

ಇನ್ನೊಮ್ಮೆ ಕೂಗಿದರು. ಸರೋಜಕ್ಕ ಹೊಸ್ತಿಲಿಗೆ ಬಂದರು. ಉಟ್ಟಿದ್ದು ಪಾತ್ರೆ ತೊಳೆಯುವ ಸೀರೆ, ಕೈ ಒದ್ದೆ.

"ಬದಲಾಯ್ಸಲ್ಲ," ಅಂದರು. "ನಾನು ಕೂತ್ರೂ ಇನ್ನು ಯಾರ್ರೀ ನಂಬ್ತಾರೆ?"

ಬಾಗಿಲು ಹಾಕಿಕೊಂಡರು. ಶೇಖರಣ್ಣ ಆ ಬಾಗಿಲನ್ನೇ ನೋಡುತ್ತ ನಿಂತಿದ್ದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ, ಬೆನ್ನು ಮಾತ್ರ.

ಈಗ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಬಾಗಿಲ ಪಕ್ಕದ ಸೀಟು ಸಿಕ್ಕರೆ ಕೂರುತ್ತೇನೆ. ಇಲ್ಲದಿದ್ದರೆ ಶಿವಮೊಗ್ಗದವರೆಗೂ ನಿಂತೇ ಇರುತ್ತೇನೆ.