ರೇಷ್ಮೆಯ ಆ ತುದಿ

ಕಳೆದ ದೀಪಾವಳಿಗೆ ನನ್ನ ತಮ್ಮನ ಮಗಳು ಗೌರಿ ಪುಣೆಯಿಂದ ಇಂಡಿಗೆ ಬಂದಿದ್ದಳು. ಪಾಡ್ಯದ ಮಧ್ಯಾಹ್ನ, ಊಟ ಮುಗಿದು, ನಾನು ಅಡಿಕೆ ಕತ್ತರಿಸಲು ಅಡಕತ್ತು ಹಿಡಿದು ಕೂತಿದ್ದೆ. ಅವಳು ತನ್ನ ಫೋನನ್ನು ಖಾಲಿ ಸ್ಟೀಲ್ ಪಾತೇಲಿಯೊಳಗೆ, ಸದ್ದು ದೊಡ್ಡದಾಗಲೆಂದು, ನಿಲ್ಲಿಸಿ ಏನೋ ಹಾಡು ಹಚ್ಚಿದಳು. ಮೊದಲು ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಅದರ ಹಿಂದೆಯೇ ದಪ್ಪ ತಂತಿಯ ವಾದ್ಯವೊಂದು ಅವಸರದ ಹೆಜ್ಜೆಯಲ್ಲಿ ನಡೆಯತೊಡಗಿತು. ಅದರ ಮೇಲೆ ಹಿತ್ತಾಳೆಯ ತುತ್ತೂರಿಗಳೆಲ್ಲ ಒಮ್ಮೆಲೇ ಎದ್ದವು. ಅಡಕತ್ತು ಕೈಯಲ್ಲೇ ನಿಂತಿತು. ಮುಂದಿನ ಸಾಲು ಫೋನಿನಿಂದ ಬರುವ ಮೊದಲೇ ನನ್ನ ಬಾಯಿ “ಪಂ ಪಪ್ಪಂ, ಪಾಂ” ಅಂದುಬಿಟ್ಟಿತು. ಗೌರಿ ಕಣ್ಣರಳಿಸಿ, “ಅಯ್ಯ ಅತ್ಯಾ! ಇದು ನಿನಗ ಹ್ಯಾಂಗ ಗೊತ್ತು? ನಮ್ಮ ಡ್ಯಾನ್ಸ್ ಕ್ಲಾಸಿನ್ಯಾಗ ಇದರ ಮ್ಯಾಲೇ ಸ್ವಿಂಗ್ ಕಲಸ್ತಾರ. ನಿನ್ನಕಿಂತಾ ಹಳೀದು ಇದು. ಏಳು, ಏಳು, ಕೈ ಕೊಡು” ಅಂದಳು. ಮೊಳಕಾಲು ಬೇಡವೆಂದರೂ ಎದ್ದೆ. ಅವಳು ಕೈ ಚಾಚಿದಳು. ನಾನು ಚಾಚಿದ್ದು ನನ್ನ ಸೆರಗಿನ ತುದಿಯನ್ನು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕೈ ಕೇಳಿದ್ರ ಸೆರಗ ಕೊಡ್ತೀಯಲ್ಲ!” ನಾನೂ ನಕ್ಕೆ. ಆದರೆ ನಗು ಮುಗಿಯುವ ಮೊದಲೇ ಮತ್ತೆ ಕೂತುಬಿಟ್ಟೆ.

ನಾನು ಬೆಳೆದ ಸಿಂದಗಿಯ ಆ ಮನೆ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ, ಜೆರಾಕ್ಸ್ ಅಂಗಡಿ ಎದ್ದಿವೆ. ಅದರ ಮುಂದೆ ಹಾದುಹೋಗುವಾಗ ನಾನು ಮುಖ ಆ ಕಡೆ ತಿರುಗಿಸುವುದಿಲ್ಲ. ಮಣ್ಣಿನ ಮಾಳಿಗೆಯ ಮನೆ, ಗೋಡೆಗಳು ಎಷ್ಟು ದಪ್ಪ ಎಂದರೆ ಒಂದೊಂದು ಗೂಡಿನಲ್ಲಿ ಒಂದೊಂದು ಮಗು ಕೂರಬಹುದಿತ್ತು. ಹೊರಗೆ ಎರೆಮಣ್ಣು ಬಾಯಿಬಿಟ್ಟ ಬಿಸಿಲು, ಒಳಗೆ ಸೆಗಣಿ ಸಾರಿಸಿದ ತಂಪು. ಪಡಸಾಲೆಯ ಮೇಲೆ ಒಂದು ಬೆಳಕಿಂಡಿ. ಮಧ್ಯಾಹ್ನ ಅದರಿಂದ ಬಿಸಿಲಿನ ಒಂದು ತುಣುಕು ನೆಲಕ್ಕೆ ಬಿದ್ದು, ಸಂಜೆಯ ಹೊತ್ತಿಗೆ ದೇವರ ಮನೆಯ ಹೊಸ್ತಿಲವರೆಗೆ ಸರಿಯುತ್ತಿತ್ತು. ನಾವು ಮಾಧ್ವರು. ಮನೆಯಲ್ಲಿ ಮಡಿ ಎಂದರೆ ಮಡಿ. ಅದರ ಒಡತಿ ಅಂಬಕ್ಕ ಅತ್ಯಾ, ನಮ್ಮಪ್ಪನ ತಂಗಿ. ಮದುವೆಯಾದ ವರ್ಷವೇ ಗಂಡ ಹೋಗಿ ತವರಿಗೆ ಬಂದವಳು. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲಿಂದ ಒಮ್ಮೆಯೂ ಜಾರಗೊಡದವಳು. ಉಳಿದವರು ಊಟವಾದ ಮೇಲೆ ಮಡಿ ಬಿಟ್ಟರೂ ಅವಳು ಬಿಡುತ್ತಿರಲಿಲ್ಲ, ರಾತ್ರಿ ದೇವರಿಗೆ ಹಾಲು ಇಡುವುದೂ ಅವಳ ಪಾಲಿನದೇ. ನಾನು ಸಾಲೆಯಿಂದ ಓಡಿ ಬಂದರೆ, “ಅಲ್ಲೇ, ಅಲ್ಲೇ ನಿಲ್ಲು!” ಅನ್ನುತ್ತಿದ್ದಳು. ಉಂಡಿಯನ್ನು ಒಂದು ಗೇಣು ಮೇಲಿನಿಂದ ನನ್ನ ಬೊಗಸೆಗೆ ಬಿಡುತ್ತಿದ್ದಳು. ಜ್ವರ ಬಂದಾಗ ತಣ್ಣೀರ ಬಟ್ಟೆಯನ್ನೂ ಹಾಗೆಯೇ ಹಣೆಯ ಮೇಲೆ ಬಿಡುತ್ತಿದ್ದಳು, ಬೆರಳು ತಾಕದಂತೆ. ಆ ಬಟ್ಟೆಯನ್ನು ಅದುಮಿಕೊಂಡು ನಾನು ಅಳುತ್ತಿದ್ದೆ. ಜ್ವರಕ್ಕೆ ಅಳುತ್ತೇನೆಂದು ಎಲ್ಲರೂ ತಿಳಿದಿದ್ದರು. ಅವ್ವ ಇದ್ದಳು, ಅಜ್ಜಿ ಇದ್ದಳು, ಎತ್ತಿಕೊಳ್ಳುವವರಿಗೇನೂ ಕಡಿಮೆ ಇರಲಿಲ್ಲ. ಆದರೂ ಆ ಒಂದು ಕೈ ಒಂದೇ ಒಂದು ಸಲ ನನ್ನ ಕೈ ಹಿಡಿಯಬೇಕು ಎಂಬ ಆಸೆ ನನ್ನನ್ನು ಬಿಡಲೇ ಇಲ್ಲ. ಸಿಗದ್ದರ ಮೇಲೆಯೇ ಮನಸ್ಸು ಹೋಗುವುದು, ಏನು ಮಾಡುವುದು.

ಗುಂಡೂ ಕಾಕಾ ಅತ್ಯಾನ ಬೆನ್ನಿಗೆ ಬಿದ್ದ ತಮ್ಮ. ಮುಂಬಯಿಯಲ್ಲಿ ಸಮುದ್ರದ ಹತ್ತಿರದ ಒಂದು ದೊಡ್ಡ ಹೋಟೆಲಿನಲ್ಲಿ ಸಾಮಾನಿನ ಕೋಣೆ ನೋಡಿಕೊಳ್ಳುತ್ತಿದ್ದ. ಅಲ್ಲಿ ಸಂಜೆಯಾದರೆ ಗೋವೆಯ ಬ್ಯಾಂಡಿನವರು ಬಿಳಿ ಕೋಟು ಹಾಕಿಕೊಂಡು ಸಾಲಾಗಿ ಕೂತು ತುತ್ತೂರಿ ಊದುತ್ತಿದ್ದರಂತೆ, ಮಂದಿ ಜೋಡಿ ಜೋಡಿಯಾಗಿ ಕುಣಿಯುತ್ತಿದ್ದರಂತೆ. ಆ ಬ್ಯಾಂಡಿನವರ ದೋಸ್ತಿಯಲ್ಲಿ ಕಾಕಾನೂ ಕುಣಿತ ಕಲಿತ. ಕಾಲ ಬದಲಾಗಿ ಹೋಟೆಲಿನವರು ಬ್ಯಾಂಡು ಬಿಡಿಸಿದಾಗ, ತುತ್ತೂರಿಯವನೊಬ್ಬ ಊರಿಗೆ ಹೋಗುವ ಮುಂಚೆ ತನ್ನ ಕೀಲಿ ಕೊಡುವ ಗ್ರಾಮಫೋನನ್ನೂ ಒಂದು ಟ್ರಂಕಿನ ತುಂಬ ಹಾಡಿನ ಕರಿ ತಬಕಡಿಗಳನ್ನೂ ಇವನಿಗೆ ಕೊಟ್ಟುಹೋದ. ದಮ್ಮಿನ ಬೇನೆ ಹತ್ತಿಸಿಕೊಂಡು ಕಾಕಾ ಸಿಂದಗಿಗೆ ತಿರುಗಿ ಬಂದಾಗ ಅವನ ಆಸ್ತಿ ಎಂದರೆ ಅಷ್ಟೇ. ಮೊದಲ ಸಲ ಹಚ್ಚಿದಾಗ ಅಜ್ಜಿ ಜಪದ ಮಣಿ ಬಿಟ್ಟು ಹೊರಗೆ ಬಂದಳು. “ಇದೇನೋ ಗುಂಡ್ಯಾ, ಮದಿವಿ ಮೆರವಣಗಿ ಪೆಟ್ಟಗ್ಯಾಗ ತುಂಬಕೊಂಡು ಬಂದೀ?” ಮನೆಯವರೆಲ್ಲ ನಕ್ಕರು. ಅತ್ಯಾ ನಗಲಿಲ್ಲ. ಅಡುಗೆ ಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಸೌಟು ಮೆಲ್ಲಗೆ ಅವಳ ತೊಡೆಗೆ ತಾಳ ಹಾಕುತ್ತಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ. ನಾನು ಗೂಡಿನಲ್ಲಿ ಕೂತಿದ್ದೆ, ನನಗೆ ಕಂಡಿತು.

ಗ್ರಾಮಫೋನಿಗೆಂದು ಕಾಕಾ ತಂದ ಉಕ್ಕಿನ ಮುಳ್ಳುಗಳು ಸವೆದು ಮುಗಿದವು. ಸಿಂದಗಿಯಲ್ಲೆಲ್ಲಿ ಸಿಗಬೇಕು? ಅವನು ಜಾಲಿ ಮುಳ್ಳು ಮುರಿದು ತಂದು, ಬ್ಲೇಡಿನಿಂದ ಕೆರೆದು ಹಚ್ಚಿದ. ಜಾಲಿ ಮುಳ್ಳಿನಲ್ಲಿ ಆ ತುತ್ತೂರಿಗಳ ಅಬ್ಬರ ಇಳಿದು, ಮೂರು ಮನೆ ಆಚೆ ಯಾರೋ ಊದಿದ ಹಾಗೆ, ಅವು ದೂರದಿಂದ ಕೇಳುತ್ತಿದ್ದವು. ಅತ್ಯಾಗೆ ಅದೇ ಇಷ್ಟವಾಯಿತು. ಒಂದು ಮಧ್ಯಾಹ್ನ, ಗೂಡಿನಲ್ಲಿದ್ದ ನನ್ನನ್ನು ಬಿಟ್ಟು ಎಲ್ಲರೂ ಮಲಗಿದ ಮೇಲೆ ಪಡಸಾಲೆಗೆ ಬಂದು ಕೇಳಿದಳು: “ಗುಂಡೂ, ಇದಕ್ಕ ಅಲ್ಲೆ ಮಂದಿ ಹ್ಯಾಂಗ ಕುಣೀತಿದ್ರೋ?”

“ಕೈ ಹಿಡಕೊಂಡು, ಅಕ್ಕಾ.”

ಅತ್ಯಾ ಮಡಿಬಟ್ಟೆ ಒಣಹಾಕುವ ಗಳದ ಮೇಲಿನ ರೇಷ್ಮೆಯ ಪಂಚೆಯನ್ನು ಕೋಲಿನಿಂದ ಇಳಿಸಿ, ಹುರಿಮಾಡಿ, ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಅವನತ್ತ ಎಸೆದಳು. “ರೇಷ್ಮಿಗೆ ಮೈಲಿಗಿ ಇಲ್ಲ. ಹಿಡಿ.” ಶಾಸ್ತ್ರ ಅವಳದೇ ಸರಿ ಇತ್ತು. ರೇಷ್ಮೆಗೂ ಕಂಬಳಿಗೂ ಮೈಲಿಗೆ ಇಲ್ಲ ಎಂದು ಅಜ್ಜಿಯೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು.

ಹಾಗೆ ಶುರುವಾಯಿತು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಹಿಂದಕ್ಕೆ ಹೋದಾಗ ಇಬ್ಬರ ನಡುವಿನ ರೇಷ್ಮೆ ಬಿಗಿಯಬೇಕು; ಹರಿಯುವಷ್ಟಲ್ಲ, ಜೋಲು ಬೀಳುವ ಹಾಗೂ ಅಲ್ಲ. ಕಾಕಾ ಚಿಕ್ಕದಾಗಿ ಎರಡು ಸಲ ಜಗ್ಗಿದರೆ ಅತ್ಯಾ ತಿರುಗಬೇಕು. “ಕಾಲ ನೋಡಬ್ಯಾಡ ಅಕ್ಕಾ, ರೇಷ್ಮಿ ಏನಂತದ ಕೇಳು” ಅನ್ನುತ್ತಿದ್ದ ಕಾಕಾ. ಅತ್ಯಾ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕೆಂಪು ಸೀರೆಯ ಆ ಬಡಕಲು ಹೆಂಗಸು ತಿರುಗಿ ನಿಂತಾಗ ಅವಳ ಮುಖ ನೋಡಬೇಕಿತ್ತು ನೀವು. ಒಂದು ದಿನ ಕನ್ನೊಳ್ಳಿಯಿಂದ ಹಾಲು ತರುತ್ತಿದ್ದ ಬಸವ್ವ ಹಿತ್ತಲ ಬಾಗಿಲಿನಿಂದ ಇಣುಕಿ, ಇಬ್ಬರೂ ಹುರಿಗೊಂಡ ಬಟ್ಟೆ ಹಿಡಿದು ಹಿಂದೆ ಮುಂದೆ ಜಗ್ಗುವುದನ್ನು ಕಂಡಳು. “ಬಟ್ಟಿ ಹಿಂಡಾಕತ್ತೀರೇನ್ರಿ ಅಂಬಕ್ಕಾರ? ನನಗ ಕರದಿದ್ರ ಬರ್ತಿದ್ನಲ್ರಿ!” ಕಾಕಾ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ಅತ್ಯಾ ಮಾತ್ರ ಗಂಭೀರವಾಗಿ, “ಹೂಂ ಬಸವ್ವಾ, ನೀರು ಭಾಳ ಅದ ಇದರಾಗ” ಅಂದಳು.

ಗುಟ್ಟು ರಟ್ಟಾದದ್ದು ಗೋಕುಲಾಷ್ಟಮಿಯ ದಿನ. ಹೊಸ್ತಿಲಿನಿಂದ ದೇವರ ಮನೆಯವರೆಗೆ ಕೃಷ್ಣನ ಪುಟ್ಟ ಪಾದಗಳನ್ನು ರಂಗೋಲಿಯಲ್ಲಿ ಬಿಡಿಸುವುದು ಪ್ರತಿವರ್ಷ ಅತ್ಯಾನ ಕೆಲಸ. ಆ ವರ್ಷ ಬೆಳಿಗ್ಗೆ ಅಜ್ಜಿ ಮಿಂದು ಬಂದು ನೋಡುತ್ತಾಳೆ, ಕೃಷ್ಣ ಎರಡು ಹೆಜ್ಜೆ ಬಂದಿದ್ದಾನೆ, ಪಕ್ಕಕ್ಕೆ ಸರಿದಿದ್ದಾನೆ, ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿದ್ದಾನೆ, ಮತ್ತೆ ಮುಂದೆ ಬಂದಿದ್ದಾನೆ. ದೇವರ ಮನೆಯ ಬಾಗಿಲವರೆಗೂ ಹಾಗೇ! ಅತ್ಯಾನ ಕೈ ತನ್ನಷ್ಟಕ್ಕೆ ತಾನೇ ಬಿಡಿಸಿಬಿಟ್ಟಿತ್ತು. ಅಜ್ಜಿ ಆ ಪಾದಗಳ ಪಕ್ಕದಲ್ಲಿ ತಾನೂ ಮೆಲ್ಲಗೆ ನಡೆದು ನೋಡಿದಳು. ಮಗಳ ಮುಖ ನೋಡಿದಳು, ಮಗನ ಮುಖ ನೋಡಿದಳು. “ಏನ ಅಂಬಕ್ಕಾ, ನಿಮ್ಮ ಕೃಷ್ಣ ಬರಲೋ ಬ್ಯಾಡೋ ಅನ್ಲಿಕ್ಕತ್ತಾನಲ್ಲ?” ಅತ್ಯಾ ನೆಲ ನೋಡುತ್ತ ರಂಗೋಲಿಯ ಬಟ್ಟಲನ್ನು ಸೆರಗಿನ ಮರೆಗೆ ಸರಿಸಿದಳು. ಗ್ರಾಮಫೋನು ಅಂದೇ ಹಿತ್ತಲಿಗೆ ಹೋಗುತ್ತದೆ ಎಂದುಕೊಂಡೆ. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ತಲಬಾಗಲಾ ಹಾಕ್ಕೊಂಡು ಮಾಡ್ರಿ. ರೇಷ್ಮಿ ಮಾತ್ರ ಕೈಬಿಡಬ್ಯಾಡ್ರಿ. ಉಳದದ್ದು ನಾ ನೋಡಿಲ್ಲ” ಎಂದು ಒಳಗೆ ಹೋದಳು. ರೇಷ್ಮೆಯ ಸಂಗತಿ ಅವಳಿಗೆ ನಾವು ಯಾರೂ ಹೇಳಿರಲಿಲ್ಲ. ಆ ಪಾದಗಳನ್ನು ಯಾರೂ ಅಳಿಸಲಿಲ್ಲ. ಕೃಷ್ಣ ಆ ವರ್ಷ ಹಾಗೆಯೇ ಬಂದ.

ಆಮೇಲಿನ ಚಳಿಗಾಲಕ್ಕೆ ಕಾಕಾನ ದಮ್ಮು ಹೆಚ್ಚಾಯಿತು. ಅರ್ಧ ತಬಕಡಿಗೇ ಕಂಬಕ್ಕೆ ಒರಗಿ ಕೂತು, ತನ್ನ ಕೈಯಲ್ಲಿದ್ದ ತುದಿಯನ್ನು ನನಗೆ ಕೊಡುತ್ತಿದ್ದ. ಅಯ್ಯೋ, ಆ ಮೊದಲ ದಿನ! ಆ ಕಡೆ ಅತ್ಯಾ, ಈ ಕಡೆ ನಾನು. ಅವಳು ಹಿಂದಕ್ಕೆ ಹೆಜ್ಜೆ ಇಟ್ಟಾಗ ಅವಳ ಮೈಯ ಭಾರ ರೇಷ್ಮೆಯ ಗುಂಟ ನನ್ನ ಅಂಗೈಗೆ ಬಂತು. ಮುಟ್ಟದೆಯೇ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕಾಕಾ ಮೀರಜಿನ ದವಾಖಾನೆಗೆ ಹೋದವನು ತಿರುಗಿ ಬರಲಿಲ್ಲ. ಗ್ರಾಮಫೋನಿನ ಸ್ಪ್ರಿಂಗು ಅದೇ ವರ್ಷ ಮುರಿಯಿತು. ಅದನ್ನು ಬಿಚ್ಚಿ ಕೂಡಿಸಲು ಬರುತ್ತಿದ್ದದ್ದು ಕಾಕಾ ಒಬ್ಬನಿಗೇ. ವೈಕುಂಠ ಸಮಾರಾಧನೆ ಮುಗಿದು ಬಂದವರೆಲ್ಲ ಹೋದ ಮೇಲೆ, ಒಂದು ಮಧ್ಯಾಹ್ನ ಅತ್ಯಾ ರೇಷ್ಮೆ ಇಳಿಸಿಕೊಂಡು ಪಡಸಾಲೆಯ ನಡುವೆ ಒಬ್ಬಳೇ ನಿಂತಿದ್ದಳು. ಇನ್ನೊಂದು ತುದಿ ನೆಲದ ಮೇಲೆ ಬಿದ್ದಿತ್ತು. “ಹಿಡಿ ಸುಧೀ,” ಅಂದಳು ನನಗೆ. ಆಮೇಲೆ ತುತ್ತೂರಿಗಳೆಲ್ಲ ಅವಳ ಬಾಯಿಯಿಂದಲೇ ಹೊರಟವು. ಪಂ ಪಪ್ಪಂ, ಪಾಂ. ಒಂದು ಸಾಲೂ ತಪ್ಪಲಿಲ್ಲ. ನಾವಿಬ್ಬರೂ ಹಾಗೆ ಎಷ್ಟೋ ವರ್ಷ ಕುಣಿದೆವು. ಎರಡು ಸಲ ಜಗ್ಗುವುದು ಈಗ ಅವಳ ಪಾಲಾಗಿತ್ತು, ತಿರುಗುವುದು ನನ್ನ ಪಾಲು.

ಓದು ಮುಗಿದು ಮುದ್ದೇಬಿಹಾಳದ ಸಾಲೆಯಲ್ಲಿ ನನಗೆ ನೌಕರಿ ಸಿಕ್ಕಿತು. ಅತ್ಯಾ ಹಾಸಿಗೆ ಹಿಡಿದಳೆಂದು ತಮ್ಮ ಹೇಳಿ ಕಳಿಸಿದಾಗ, ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ನಿಂತುಕೊಂಡೇ ಬಂದೆ. ದಾರಿಯುದ್ದಕ್ಕೂ ಒಂದೇ ವಿಚಾರ. ಹಾಸಿಗೆ ಹಿಡಿದವರಿಗೆ ಮಡಿ ಇಲ್ಲ, ಇದೂ ಅಜ್ಜಿಯ ಶಾಸ್ತ್ರವೇ. ಇವತ್ತು ಅವಳ ಕೈ ಹಿಡಿಯುತ್ತೇನೆ, ಯಾರು ಅಡ್ಡ ಬರುತ್ತಾರೋ ನೋಡುತ್ತೇನೆ. ಹೋದವಳೇ ಮಗ್ಗುಲಲ್ಲಿ ಕೂತು ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ತೆಗೆದುಕೊಂಡೆ. ಸುಟ್ಟ ಕಲೆಗಳ, ಹಗುರಾದ ಕೈ. ಅವಳು ಬೇಡ ಅನ್ನಲಿಲ್ಲ. ಬೆರಳುಗಳು ನನ್ನ ಅಂಗೈಯಲ್ಲಿ ಏನನ್ನೋ ತಡಕಾಡಿದವು. ಸ್ವಲ್ಪ ಹೊತ್ತಿಗೆ ಕೈ ಬಿಡಿಸಿಕೊಂಡಳು.

“ಕೈಯಾಗ ಏನೂ ತಿಳಿಯವಲ್ದು ಸುಧೀ. ರೇಷ್ಮಿ ಕೊಡು.”

ಗಳದ ಮೇಲಿಂದ ತಂದು ಒಂದು ತುದಿಯನ್ನು ಅವಳ ಮುಷ್ಟಿಗೆ ಕೊಟ್ಟೆ, ಇನ್ನೊಂದನ್ನು ಹಿಡಿದು ಎದ್ದು ನಿಂತೆ. ಅವಳು ಕಣ್ಣು ಮುಚ್ಚಿದಳು. ಎರಡು ಸಲ ಜಗ್ಗಿದಳು. ನಾನು ತಿರುಗಿದೆ. “ಹಾಂ,” ಅಂದಳು. ಮರುದಿನ ಬೆಳಿಗ್ಗೆ ಹೋದಳು. ಸುಳ್ಳು ಯಾಕೆ ಹೇಳಲಿ, ನನಗೆ ಅವಳ ಮೇಲೆ ಭಾಳ ಸಿಟ್ಟು ಬಂದಿತ್ತು. ಹುಟ್ಟಿದಾಗಿನಿಂದ ಕಾದ ಕೈ ಕೊನೆಗೆ ಸಿಕ್ಕಿತು, ಸಿಕ್ಕ ಕೈಯನ್ನು ಅವಳೇ ಬಿಡಿಸಿಕೊಂಡಳು. ಮನೆ ಮಾರುವಾಗ ತಬಕಡಿಗಳನ್ನು ಯಾರೋ ಗುಜರಿಗೆ ಒಯ್ದರು. ನಾನು ಆ ರೇಷ್ಮೆಯೊಂದನ್ನೇ ತಂದು ಟ್ರಂಕಿನ ತಳಕ್ಕೆ ಹಾಕಿ, ಸಿಟ್ಟಿನಿಂದಲೇ ಮುಚ್ಚಿಟ್ಟೆ.

ಇಷ್ಟನ್ನೂ ಗೌರಿಗೆ ಹೇಳಿ ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹುಡುಗಿ ಈಗ ನಗಲಿಲ್ಲ. “ಆ ರೇಷ್ಮಿ ಇನ್ನೂ ಅದನ ಅತ್ಯಾ?” ಅಂದಳು. ಟ್ರಂಕು ತೆಗೆದೆವು. ಡಾಂಬರು ಗುಳಿಗೆಯ ವಾಸನೆ, ಅದರ ಕೆಳಗೆ ಎಲ್ಲೋ ಗಂಧ, ಒಲೆಯ ಹೊಗೆ. ಮಡಿಕೆಗಳಲ್ಲಿ ರೇಷ್ಮೆ ಸೀಳಿತ್ತು, ಮೆಲ್ಲಗೆ ಹುರಿಮಾಡಿದೆ. ಗೌರಿ ಪಾತೇಲಿಯೊಳಗಿನ ಫೋನಿಗೆ ಮತ್ತೆ ಅದೇ ಹಾಡು ಹಚ್ಚಿ ಆ ತುದಿ ಹಿಡಿದಳು, ನಾನು ಈ ತುದಿ. ಈ ಕಡೆ, ಆ ಕಡೆ, ಒಂದು ಹೆಜ್ಜೆ ಹಿಂದಕ್ಕೆ. ರೇಷ್ಮೆ ಬಿಗಿಯಿತು. ಚಿಕ್ಕದಾಗಿ ಎರಡು ಸಲ ಜಗ್ಗಿತು. ಮೊಳಕಾಲು ಕಟಕ್ಕೆಂದರೂ ನಾನು ತಿರುಗಿ ನಿಂತೆ.

“ಛಲೋ ಕಲಿಸ್ಯಾರ ನಿಮ್ಮ ಕ್ಲಾಸಿನ್ಯಾಗ,” ಅಂದೆ ಏದುಸಿರು ಬಿಡುತ್ತ. “ಥೇಟ್ ಹಂಗೇ ಜಗ್ಗಿದಿ.”

ಗೌರಿಯ ಮುಖ ಬಿಳಿಚಿಕೊಂಡಿತ್ತು. “ನಾ ಜಗ್ಗಿಲ್ಲ ಅತ್ಯಾ. ನನಗಿನ್ನೂ ಎಲ್ಲೆ ಜಗ್ಗಬೇಕು ಅನ್ನೂದೇ ಗೊತ್ತಿಲ್ಲ. ನಾ ಸುಮ್ಮನ ಹಿಡಕೊಂಡು ನಿಂತಿದ್ದೆ.”

ರೇಷ್ಮೆ ನಮ್ಮಿಬ್ಬರ ನಡುವೆ ಬಿಗಿಯಾಗಿಯೇ ಇತ್ತು. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಪಾತೇಲಿಯೊಳಗೆ ತುತ್ತೂರಿಗಳು ಮತ್ತೆ ಎದ್ದವು.

“ಸುಮ್ಮನ ಹಿಡಕೊಂಡಿರು,” ಅಂದೆ. “ಬಿಡಬ್ಯಾಡ.”